ಸುಳಿ: ನಡಿಗೆಗೊಂದು ಹಳೆಯ ಮಾತು

(ಬಳ್ಳಾರಿಯ ಪಾರ್ವತಿನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಇವತ್ತಿನ ಮಾತಿಗೆ ನಾನು ಆರಿಸಿಕೊಂಡದ್ದು ಒಂದೇ ಒಂದು ಪದ: ‘ಸುಳಿ’. ನಾಮಪದವಾಗಿ ಅದು ಎಲ್ಲರಿಗೂ ಗೊತ್ತು. ಹೊಳೆಯ ಸುಳಿ, ನೆತ್ತಿಯ ಸುಳಿ, ಬಾಳೆಯ ಸುಳಿ. ನಾನು ಹೇಳಬೇಕೆಂದಿರುವುದು ಅದರ ಕ್ರಿಯಾಪದದ ಬಗ್ಗೆ. ಹಿಂದಿನ ಕನ್ನಡದಲ್ಲಿ ಸುಳಿ ಎಂದರೆ ತಿರುಗಾಡು, ಅಡ್ಡಾಡು, ಸಂಚರಿಸು. ಕಾವ್ಯದಲ್ಲಿ ತಂಗಾಳಿ ಸುಳಿಯುತ್ತದೆ, ದುಂಬಿ ಸುಳಿಯುತ್ತದೆ. ವಚನಗಳಲ್ಲಿ ಶರಣ ಸುಳಿಯುತ್ತಾನೆ, ಜಂಗಮ ಸುಳಿಯುತ್ತಾನೆ. ಮನುಷ್ಯರ ನಡಿಗೆಗೆ ಅದು ಗೌರವದ ಮಾತಾಗಿತ್ತು.

ಈಗ ಇದೇ ಪದ ನಮ್ಮ ಬಾಯಲ್ಲಿ ಏನಾಗಿದೆ ನೋಡಿ. ‘ಕಷ್ಟಕಾಲದಾಗ ಒಬ್ಬರೂ ಸುಳೀಲಿಲ್ಲ’ ಅನ್ನುತ್ತೇವೆ. ‘ಇನ್ನೊಮ್ಮೆ ಇತ್ಲಾಗ ಸುಳೀಬ್ಯಾಡ’ ಅನ್ನುತ್ತೇವೆ. ಮನುಷ್ಯರ ವಿಷಯಕ್ಕೆ ಬಂದರೆ ಈ ಕ್ರಿಯಾಪದ ಹೆಚ್ಚಾಗಿ ನಿಷೇಧದಲ್ಲೋ ದೂರಿನಲ್ಲೋ ಮಾತ್ರ ಉಳಿದಿದೆ. ನೆಟ್ಟಗೆ ಬಳಸಿದರೆ ಅನುಮಾನ ಅಂಟಿಕೊಳ್ಳುತ್ತದೆ: ‘ರಾತ್ರಿ ಮನೆ ಸುತ್ತ ಯಾರೋ ಸುಳಿದಾಡಿದಂಗಾತು.’ ಒಳ್ಳೆಯ ಅರ್ಥದಲ್ಲಿ ಉಳಿದಿರುವುದು ಕೈಕಾಲಿಲ್ಲದವುಗಳಿಗೆ. ಗಾಳಿ ಸುಳಿಯುತ್ತದೆ, ನೆನಪು ಸುಳಿಯುತ್ತದೆ, ತುಟಿಯ ಮೇಲೆ ನಗೆ ಸುಳಿಯುತ್ತದೆ. ಕಾಲಿರುವ ಮನುಷ್ಯ ಸುಳಿದರೆ ಮಾತ್ರ ನಾವು ಬಾಗಿಲ ಚಿಲಕ ನೋಡಿಕೊಳ್ಳುತ್ತೇವೆ. ಈ ಬದಲಾವಣೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಪದದ ಅರ್ಥ ಕುಗ್ಗಿತೆಂಬ ವ್ಯಾಕರಣದ ಸಂಗತಿಗಿಂತ, ಜನರ ನಡುವೆ ಓಡಾಡಿಕೊಂಡಿದ್ದವರ ಬಗ್ಗೆ ನಮಗಿದ್ದ ನಂಬಿಕೆಯೇ ಅದರ ಜೊತೆ ಕುಗ್ಗಿತೆ ಎಂಬ ಪ್ರಶ್ನೆ ನನಗೆ ಮುಖ್ಯ.

ಮೊದಲು ಪದದ ಮೈಕಟ್ಟು ನೋಡೋಣ. ಹಳಗನ್ನಡದಲ್ಲಿ ಇದರ ಬರವಣಿಗೆ ‘ಸುೞಿ’. ಆ ‘ೞ’ ಅಕ್ಷರ ಈಗ ನಮ್ಮ ವರ್ಣಮಾಲೆಯಲ್ಲಿಲ್ಲ. ಶತಮಾನಗಳ ಹಿಂದೆಯೇ ಉಚ್ಚಾರದಲ್ಲಿ ಅದು ‘ಳ’ದೊಳಗೆ ಕರಗುತ್ತಾ ಬಂತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಶಬ್ದಗಳನ್ನು ಪಟ್ಟಿ ಮಾಡಿ ಕೊಡಬೇಕಾಯಿತೆಂದರೆ, ಆ ಹೊತ್ತಿಗೆ ಓದುಬರಹ ಬಲ್ಲವರೂ ಎಲ್ಲಿ ೞ, ಎಲ್ಲಿ ಳ ಎಂದು ತಡವರಿಸುತ್ತಿದ್ದರು ಎಂದೇ ಅರ್ಥ. ತಮಿಳಿನಲ್ಲಿ ಆ ಧ್ವನಿ ಇನ್ನೂ ಜೀವಂತ. ಅಲ್ಲಿ ಇದೇ ಪದ ‘ಚುೞಿ’. ತೆಲುಗಿನಲ್ಲಿ ೞ ಇದ್ದ ಕಡೆ ‘ಡ’ ಬಂದಿದೆ. ಇದಕ್ಕೆ ಪುರಾವೆ ಹುಡುಕಲು ಬಳ್ಳಾರಿಯವರು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ, ಬೆಳಗಿನ ಸಂತೆಗೆ ಹೋದರೆ ಸಾಕು. ಒಬ್ಬರು ಕೋಳಿ ಎಂದರೆ ಪಕ್ಕದವರು ಕೋಡಿ ಎನ್ನುತ್ತಾರೆ. ಒಬ್ಬರಿಗೆ ಏಳು, ಇನ್ನೊಬ್ಬರಿಗೆ ಏಡು. ಹಾಗೆಯೇ ನಮ್ಮ ಸುಳಿ ಅವರಿಗೆ ಸುಡಿ, ನಮ್ಮ ಸುಳಿಗಾಳಿ ಅವರಿಗೆ ಸುಡಿಗಾಲಿ. ಎರಡು ಭಾಷೆಯ ನಡುವೆ ಬೆಳೆದ ಈ ಊರಿನ ಮಕ್ಕಳಿಗೆ ಪದಗಳ ಬಂಧುತ್ವ ಕಿವಿಯಿಂದಲೇ ತಿಳಿಯುತ್ತದೆ. ಇದು ಬೆಂಗಳೂರಿನ ಪಂಡಿತರಿಗೂ ಸುಲಭಕ್ಕೆ ಸಿಗದ ಸೌಲಭ್ಯ ಎಂದು ನಾನು ನಂಬಿದ್ದೇನೆ.

ಇನ್ನೊಂದು ಸಣ್ಣ ಸಂಗತಿ. ಒಂದನೇ ಇಯತ್ತೆಯ ಮಕ್ಕಳು ಕಾಗುಣಿತ ಹೇಳುವಾಗ ‘ಕ’ಕ್ಕೆ ತಲಕಟ್ಟು, ಇಳಿ, ಗುಡಿಸು, ಕೊಂಬು ಎಂದು ಒಂದೊಂದೇ ಹೇಳುತ್ತಾ ‘ಕೃ’ಗೆ ಬಂದಾಗ ಏನನ್ನುತ್ತಾರೆ? ವಟ್ರಸುಳಿ. ತೆಲುಗು ಶಾಲೆಯಲ್ಲಿ ಅದು ವಟ್ರುಸುಡಿ. ‘ಕೃಷಿ’ ಎಂದು ಬರೆಯುವಾಗ ಮಗುವಿನ ಬಳಪ ಅಕ್ಷರದ ಬಲಗಡೆ ಕೆಳಗಿಳಿದು ಒಂದು ಬಾಗು ಬಾಗಿ ಹೊರಬರುತ್ತದಲ್ಲ, ಆ ಬಾಗಿನ ಹೆಸರೇ ಸುಳಿ. ನಮ್ಮ ಪದ ಲಿಪಿಯ ಒಳಗೂ ಹೊಕ್ಕು ಕೂತಿದೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲರ ನಿಘಂಟಿನಲ್ಲಿ ಸುತ್ತು, ತಿರುಗು, ಅಲೆದಾಡು ಎಂಬ ಅರ್ಥಗಳು ಈ ಪದದಡಿ ಒಟ್ಟಿಗೆ ಇವೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಲ್ಲಿ ಹೊರಬರಲು ತೊಡಗಿ 1995ರಲ್ಲಿ ಮುಗಿಯಿತು. ವಿದ್ಯಾರ್ಥಿಗಳು ಅದನ್ನು ಬಿಡಿಸಿ ನೋಡಬೇಕು. ಕಾವ್ಯ, ಶಾಸನ, ವಚನಗಳ ಪ್ರಯೋಗಗಳನ್ನು ಅರ್ಥದ ಜೊತೆಗೆ ಕೊಡುವ ಕೋಶ ಅದು. ಕೋಶ ಓದಿದ ಮೇಲೆ ನನಗೆ ಉಳಿದ ಪ್ರಶ್ನೆ ಒಂದು: ನೀರು ತಿರುಗುವುದಕ್ಕೂ ಮನುಷ್ಯ ತಿರುಗಾಡುವುದಕ್ಕೂ ಕನ್ನಡದವರು ಒಂದೇ ಮಾತು ಯಾಕೆ ಇಟ್ಟರು?

ಉತ್ತರಕ್ಕೆ ಸಿರುಗುಪ್ಪದ ಕಡೆ ಹೋಗೋಣ. ಕೆಂಚನಗುಡ್ಡದ ಬಳಿಯಾಗಲಿ, ದೇಶನೂರಿನ ಬಳಿಯಾಗಲಿ, ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಸುಳಿ ಎಂದರೆ ಭಯ, ಭಯದ ಜೊತೆಗೆ ತಿಳಿವಳಿಕೆ. ಬಂಡೆಯ ಮಗ್ಗುಲಿಗೆ ಬಡಿದ ನೀರು ಹಿಂದಕ್ಕೆ ತಿರುಗಿ, ಮುಂದೆ ಬರುವ ನೀರಿಗೆ ಸಿಕ್ಕಿ, ಇದ್ದಲ್ಲೇ ಬಳಸತೊಡಗುತ್ತದೆ. ಅದು ನಿಂತ ನೀರಲ್ಲ, ಹರಿದು ಹೋದ ನೀರೂ ಅಲ್ಲ. ಒಂದು ತಾವಿನಲ್ಲಿ ಇದ್ದುಕೊಂಡೇ ಚಲಿಸುವ ನೀರು. ಹರಿಗೋಲಿಗೆ ಹಿಂದು ಮುಂದು ಇಲ್ಲ. ಹುಟ್ಟನ್ನು ಒಂದೇ ಕಡೆ ಹಾಕಿದರೆ ಅದು ಬುಗುರಿಯ ಹಾಗೆ ಅಲ್ಲೇ ತಿರುಗುತ್ತದೆ. ಅಂಬಿಗ ಅತ್ತ ಒಂದು ಇತ್ತ ಒಂದು ಸೆಳೆದು ಅದನ್ನು ನೆಟ್ಟಗೆ ಮಾಡುತ್ತಾನೆ. ಎಲ್ಲಿ ಸುಳಿ ಇದೆಯೆಂದು ಅವನಿಗೆ ಗೊತ್ತಾಗುವುದು ನೀರಿನ ಮೇಲ್ಮೈಯ ಬಣ್ಣದಿಂದ, ಕಸಕಡ್ಡಿ ತೇಲುವ ರೀತಿಯಿಂದ. ವರ್ಷಗಟ್ಟಲೆ ಅದೇ ಕಡವಿನಲ್ಲಿ ಆಚೆ ಈಚೆ ಮಾಡಿದವನಿಗೆ ಮಾತ್ರ ಕಾಣುವ ಗುರುತುಗಳು ಅವು.

ಸುಳಿ ಎಂಬ ನಡಿಗೆಯ ಸ್ವಭಾವ ಇದೇ ಎಂಬುದು ನನ್ನ ತಿಳಿವಳಿಕೆ. ಅದಕ್ಕೆ ಮುಟ್ಟಬೇಕಾದ ಊರಿಲ್ಲ, ಬಳಸುವ ತಾವು ಇದೆ. ಒಂದು ಕೇರಿ, ಒಂದು ಹೊಲ, ಹತ್ತು ಹಳ್ಳಿ, ಒಂದು ಹೊಳೆದಂಡೆ. ಅಲ್ಲಿ ಮತ್ತೆ ಮತ್ತೆ ಬಂದು ಹೋಗುವುದು. ಕನ್ನಡದಲ್ಲಿ ನಡಿಗೆಗೆ ಇರುವ ಉಳಿದ ಮಾತುಗಳ ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟ. ನಮ್ಮ ಕಡೆಯ ‘ಅಡ್ಡಾಡು’ ಬಿಡುವಿನ ನಡಿಗೆ. ಉಂಡಮೇಲೆ ಅಡ್ಡಾಡಿ ಬರುತ್ತೇವೆ. ‘ಎಡತಾಕು’ ಎಂಬುದರಲ್ಲಿ ಕೆಲಸ ಆಗದ ದಣಿವಿದೆ. ಪಹಣಿ ತಿದ್ದಿಸಲು ಕಚೇರಿಗೆ ಎಡತಾಕಿದವರಿಗೆ ಅದರ ಅರ್ಥ ನಾನು ಹೇಳಬೇಕಿಲ್ಲ. ‘ಅಲೆ’ಯುವುದರಲ್ಲಿ ನೆಲೆ ಇಲ್ಲದ ನೋವು, ‘ತೊಳಲು’ವುದರಲ್ಲಿ ಅದಕ್ಕಿಂತ ಹೆಚ್ಚಿನ ನೋವು. ಹಳಗನ್ನಡದ ‘ಬಲಗೊಳ್’ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು. ಅಲ್ಲಿ ನಡುವೆ ಗರ್ಭಗುಡಿ ಇದೆ, ದಿಕ್ಕು ನಿಶ್ಚಿತ. ಸುಳಿಯುವುದರಲ್ಲಿ ನಡುವೆ ಯಾವ ಗುಡಿಯೂ ಇಲ್ಲ. ನಡೆಯುವವರ ಗಮನವೇ ಅದರ ನಡು.

ಅದಕ್ಕೇ ಅದರಿಂದ ‘ಸುಳಿವು’ ಎಂಬ ಪದ ಹುಟ್ಟಿತು. ಹಳೆಯ ರೂಪ ‘ಸುಳುಹು’. ಮೊದಲು ಅದಕ್ಕೆ ಚಲನೆ, ಓಡಾಟ ಎಂಬ ಅರ್ಥ. ಆಮೇಲೆ ಓಡಾಟದಿಂದ ಉಳಿದ ಗುರುತು ಎಂಬ ಅರ್ಥ. ಅಲ್ಲಮನ ವಚನಗಳಲ್ಲಿ ಈ ಪದ ಎಷ್ಟು ಸಲ, ಎಷ್ಟು ಬಗೆಯಲ್ಲಿ ಬರುತ್ತದೆಂದು ಹುಡುಕಿ ನೋಡುವುದು ಎಂ.ಎ. ವಿದ್ಯಾರ್ಥಿಯೊಬ್ಬರಿಗೆ ಒಳ್ಳೆಯ ಕೆಲಸವಾದೀತು. ಇವತ್ತು ಸುಳಿವು ಪೊಲೀಸರ ಪಾಲಾಗಿದೆ. ಪತ್ರಿಕೆಯಲ್ಲಿ ‘ಆರೋಪಿಗಳ ಸುಳಿವು’ ಸಿಗುತ್ತದೆ ಅಥವಾ ಸಿಗುವುದಿಲ್ಲ. ಸುಳಿವು ಬೇಕಾದವರು ಮೊದಲು ಸುಳಿಯಬೇಕು ಎಂಬ ಹಳೆಯ ನಂಟು ನಮಗೆ ಮರೆತಿದೆ.

ಆ ನಂಟು ಇನ್ನೂ ಕಡಿದುಹೋಗದ ಒಂದು ಜಾಗ ಹೊಲ. ಹಿಂಗಾರಿ ಬಿಳಿಜೋಳ ಬಿತ್ತುವ ಎರೆಹೊಲಗಳ ರೈತರಿಗೆ ಸುಳಿ ಎಂದರೆ ಪೈರಿನ ನಡುವೆ ಸುತ್ತಿಕೊಂಡಿರುವ ಎಳೆಯ ಎಲೆ. ಬೆಳೆಯೆಲ್ಲ ಅದರ ಒಳಗಿಂದಲೇ ಬಿಚ್ಚಿಕೊಂಡು ಬರಬೇಕು. ಜೋಳ ಮೊಳೆತ ಮೊದಲ ಮೂರು ನಾಲ್ಕು ವಾರಗಳಲ್ಲಿ ಸುಳಿ ನೊಣ ಎಲೆಯ ಕೆಳಮೈಯಲ್ಲಿ ಒಂದೊಂದೇ ಮೊಟ್ಟೆ ಇಡುತ್ತದೆ. ಒಡೆದು ಬಂದ ಮರಿಹುಳ ಎಲೆಯ ಮೇಲಿಂದ ಸುಳಿಯೊಳಕ್ಕೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ. ಸುತ್ತಲಿನ ಎಲೆಗಳು ಹಸಿರಾಗಿಯೇ ಇರುತ್ತವೆ. ದಾರಿಯಲ್ಲಿ ನಿಂತು ನೋಡಿದವರಿಗೆ ಬೆಳೆ ಚೆನ್ನಾಗಿದೆ ಎಂದೇ ಅನಿಸುತ್ತದೆ. ಹೊಲದೊಳಗೆ ಇಳಿದು ಸಾಲು ಸಾಲು ನೋಡಿದರೆ ನಡುವಿನ ಸುಳಿ ಒಣಗಿ ನಿಂತಿರುವುದು ಕಾಣುತ್ತದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅದು ಕಿತ್ತು ಕೈಗೆ ಬರುತ್ತದೆ, ಬುಡದಲ್ಲಿ ಕೊಳೆತ ನಾತ. ತಡವಾಗಿ ಬಿತ್ತಿದ ಹೊಲಕ್ಕೆ ಈ ಕಾಟ ಹೆಚ್ಚು. ಸಿರುಗುಪ್ಪದ ಭತ್ತದ ಗದ್ದೆಯಲ್ಲೂ ಕಾಂಡ ಕೊರಕ ಬಿದ್ದರೆ ಮೊದಲು ಸಾಯುವುದು ಸುಳಿಯೇ. ಹೊಲದಲ್ಲಿ ದಿನಾ ಸುಳಿಯುವವರು ಸುಳಿಯನ್ನು ಉಳಿಸಿಕೊಳ್ಳುತ್ತಾರೆ. ಇದು ಮಾತಿನ ಚಮತ್ಕಾರಕ್ಕೆ ಹೇಳಿದ್ದಲ್ಲ; ಹಗರಿ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನು ಕೇಳಿದರೂ ಹೊಲದಲ್ಲಿ ತಿರುಗಿ ನೋಡಿ ಎಂದೇ ಮೊದಲು ಹೇಳುತ್ತಾರೆ.

ದನದ ವಿಷಯ ಬಂದರೆ ಕುರುಗೋಡಿನ ಹಿರಿಯರನ್ನು ಕೇಳಬೇಕು. ದೊಡ್ಡಬಸವೇಶ್ವರನ ಏಕಶಿಲೆಯ ಬೃಹತ್ ನಂದಿ ಇರುವ ಊರದು. ಬಸವ ಅಲ್ಲಿ ದೇವರೂ ಹೌದು, ಹೊಲದ ಜೊತೆಗಾರನೂ ಹೌದು. ಎತ್ತು ಕೊಳ್ಳುವಾಗ ಹಲ್ಲು, ಕೊಂಬು, ಗೊರಸಿನ ಜೊತೆಗೆ ಸುಳಿ ನೋಡುವ ವಾಡಿಕೆ ನಮ್ಮಲ್ಲಿದೆ. ಮೈಯ ಕೂದಲು ಸುತ್ತಿಕೊಂಡ ಗುರುತು ಅದು. ಇರುವ ಜಾಗದ ಮೇಲೆ ಅದಕ್ಕೆ ಹೆಸರು, ಹೆಸರಿನ ಮೇಲೆ ಶುಭ ಅಶುಭ. ರಾಜಸುಳಿ, ನಾಗರಸುಳಿ ಹೀಗೆ. ಮಕ್ಕಳ ನೆತ್ತಿಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ಹೇಳುತ್ತಿದ್ದರು. ಆ ಶಕುನಗಳಲ್ಲಿ ನನಗೆ ನಂಬಿಕೆ ಇಲ್ಲ. ಒಂದು ಸುಳಿ ಜಾಗ ತಪ್ಪಿ ಇದ್ದದ್ದಕ್ಕೆ ಗಟ್ಟಿಮುಟ್ಟಾದ ಹೋರಿ ಕಡಿಮೆ ಬೆಲೆಗೆ ಹೋದದ್ದುಂಟು. ಆದರೆ ಒಂದು ಪ್ರಾಣಿಯ ಮೈಯನ್ನು ಅಂಗುಲ ಅಂಗುಲ ನೋಡಿ ಹೆಸರಿಟ್ಟವರ ಕಣ್ಣಿನ ಬಗ್ಗೆ ಗೌರವ ಇದೆ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಈ ಹೆಸರುಗಳೂ ಹೋಗುತ್ತಿವೆ. ಶಕುನ ಹೋಗಲಿ, ಹೆಸರು ಹೋಗಬಾರದು.

ಈಗ ವಚನಗಳಿಗೆ ಬರುತ್ತೇನೆ. ನನ್ನ ಮಾತಿನ ತಿರುಳು ಇಲ್ಲಿದೆ.

12ನೇ ಶತಮಾನದ ಶರಣರು ಸ್ಥಾವರ, ಜಂಗಮ ಎಂಬ ಎರಡು ಸಂಸ್ಕೃತ ಪದಗಳನ್ನು ಎದುರುಬದುರು ನಿಲ್ಲಿಸಿದರು. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಮುನ್ನುಡಿಯಲ್ಲಿ ಈ ಜೋಡಿಯನ್ನು ಚರ್ಚಿಸಿದ ಮೇಲೆ ಲೋಕವೆಲ್ಲ ಅದನ್ನು ಬಲ್ಲದು. ಆದರೆ ಜಂಗಮ ಏನು ಮಾಡುತ್ತಾನೆ ಎಂಬುದಕ್ಕೆ ಶರಣರು ಬಳಸಿದ ಅಚ್ಚಗನ್ನಡದ ಕ್ರಿಯಾಪದದ ಕಡೆಗೆ ಅಷ್ಟು ಗಮನ ಹೋಗಿಲ್ಲ. ಜಂಗಮ ‘ಸುಳಿಯುತ್ತಾನೆ’. ಹೋಗುತ್ತಾನೆ ಎಂದರೆ ನಮ್ಮನ್ನು ಬಿಟ್ಟು ಹೋದಂತೆ. ಬರುತ್ತಾನೆ ಎಂದರೆ ಬಂದು ಕುಳಿತಂತೆ. ಸುಳಿಯುತ್ತಾನೆ ಎಂದರೆ ನಮ್ಮ ನಡುವೆ ಇರುತ್ತಾನೆ, ಆದರೆ ಯಾರ ಮನೆಯ ಸೊತ್ತೂ ಆಗುವುದಿಲ್ಲ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದಿದೆ. ಹೆಣ್ಣಿನ ಗುರುತು, ಗಂಡಿನ ಗುರುತುಗಳನ್ನು ಹೇಳಿ, ಅವೆರಡರ ನಡುವಿನ ಆತ್ಮ ಎರಡೂ ಅಲ್ಲವೆಂದು ಅದು ಸಾರುತ್ತದೆ. ಆ ಆತ್ಮಕ್ಕೆ ದಾಸಿಮಯ್ಯ ಕೊಟ್ಟ ಕ್ರಿಯಾಪದವೂ ಇದೇ. ಒಳಗೆ ಇದ್ದೂ ಯಾವುದಕ್ಕೂ ಅಂಟಿಕೊಳ್ಳದ ಇರುವಿಕೆಗೆ ಬೇರೆ ಪದ ಅವನಿಗೆ ಸಾಲದಾಯಿತು.

ಮಠಗಳ ವ್ಯವಸ್ಥೆಯಲ್ಲೂ ಈ ವಿವೇಕ ಉಳಿದಿತ್ತು. ಚರಪಟ್ಟಾಧಿಕಾರಿ ಎಂಬ ಪದವಿ ಇದೆ. ಊರೂರು ಸಂಚರಿಸಿ ಜನರನ್ನು ಕಾಣುವುದು ಅವರ ಧರ್ಮ. ದಾಸರು ಮಧುಕರ ವೃತ್ತಿ ಎಂದದ್ದೂ ಇಂಥದ್ದೇ ನಡಿಗೆಯನ್ನು. ಅಲ್ಲಮನ ಬದುಕನ್ನೇ ಒಂದು ಸಂಚಾರವಾಗಿ ಕಟ್ಟಿದ ಚಾಮರಸನ ‘ಪ್ರಭುಲಿಂಗಲೀಲೆ’ 15ನೇ ಶತಮಾನದಲ್ಲಿ ಪ್ರೌಢದೇವರಾಯನ ವಿಜಯನಗರದಲ್ಲಿ ಬೆಳಕು ಕಂಡಿತೆಂಬುದನ್ನು ನಾವು ನೆನೆಯಬೇಕು. 2021ರಲ್ಲಿ ಜಿಲ್ಲೆ ಎರಡಾಗಿ ಹಂಪಿ ವಿಜಯನಗರ ಜಿಲ್ಲೆಗೆ ಸೇರಿತು. ಆದರೂ ಆ ನೆನಪಿನಲ್ಲಿ ಬಳ್ಳಾರಿಯ ಪಾಲು ಕಡಿಮೆಯಾಗಿಲ್ಲ.

ಈ ನಡಿಗೆಯನ್ನು ಧರ್ಮದ ಹೊರಗೆ ನಡೆದು ತೋರಿಸಿದವರೂ ನಮ್ಮ ನೆಲದಲ್ಲಿ ಇದ್ದಾರೆ. 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಈ ಸೀಮೆಗೆ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. 1807ರವರೆಗೆ ಇದ್ದ. ಕಾಲದ ಬಹುಭಾಗ ಡೇರೆಗಳಲ್ಲಿ ಕಳೆದು, ಹಳ್ಳಿ ಹಳ್ಳಿ ತಿರುಗಿ, ಹೊಲ ಹೊಲ ಅಳೆಯಿಸಿ ರೈತವಾರಿ ಪದ್ಧತಿಗೆ ಇಲ್ಲಿ ಬುನಾದಿ ಹಾಕಿದ. ಕಂಪನಿ ಸರ್ಕಾರದ ಕಂದಾಯದ ಹಸಿವನ್ನು ನಾನು ಮರೆತಿಲ್ಲ, ಮನ್ರೋ ಆ ಹಸಿವಿನ ಕೈಯೇ ಆಗಿದ್ದ. ಆದರೂ ಅವನ ಹೆಸರು ಈ ಸೀಮೆಯ ಹಳ್ಳಿಗಳಲ್ಲಿ ಬಹಳ ಕಾಲ ಉಳಿದದ್ದಕ್ಕೆ ಅವನು ಜನರ ನಡುವೆ ಸುಳಿದದ್ದೇ ಕಾರಣ. ಮದರಾಸಿನ ಗವರ್ನರ್ ಆದ ಮೇಲೂ ಇದೇ ಸೀಮೆಯ ಪ್ರವಾಸದಲ್ಲಿದ್ದಾಗ 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ತೀರಿಕೊಂಡ.

ಅದೇ ಕಾಲದಲ್ಲಿ ಕಂಪನಿಯ ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿಯ ಪರವಾಗಿ ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಮುಂತಾದವರು ಊರೂರು ತಿರುಗಿ ಶಾನುಭೋಗರ ಕಡತ, ಹಿರಿಯರ ಬಾಯಿಮಾತುಗಳಿಂದ ಊರುಗಳ ಚರಿತ್ರೆ ಕಲೆಹಾಕಿದರು. ಅವೇ ಕೈಫಿಯತ್ತುಗಳು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಬಂತು. ನಿಮ್ಮ ತಾಲ್ಲೂಕಿನ ಹಳ್ಳಿಗಳು ಅದರಲ್ಲಿ ಇವೆಯೇ ಎಂದು ಹುಡುಕಿ ನೋಡಿ.

ಇನ್ನು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನದ ಇಲಾಖೆಯ ಕೆಲಸಕ್ಕೆಂದು ಬಂದು ಈ ಜಿಲ್ಲೆಯ ಗುಡ್ಡಗಳನ್ನು ಕಾಲ್ನಡಿಗೆಯಲ್ಲೂ ಕುದುರೆಯ ಮೇಲೂ ಸುತ್ತಿದವರು. ಸಂಗನಕಲ್ಲಿನ ಸುತ್ತ ಹೊಸಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗಗಳು, ಬೂದಿದಿಬ್ಬಗಳು ವಿದ್ವಾಂಸರ ಕಣ್ಣಿಗೆ ಬಿದ್ದದ್ದರಲ್ಲಿ ಅವರ ಪಾಲು ದೊಡ್ಡದು. ಇವತ್ತು ಬಳ್ಳಾರಿಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರಿದೆ. ಆ ಗುಡ್ಡದ ಮಗ್ಗುಲಲ್ಲೇ ಸಾವಿರಾರು ಜನ ನಿತ್ಯ ಹಾದುಹೋಗುತ್ತಿದ್ದರು. ಕೊಡಲಿಕಲ್ಲು ಕಾಲಿಗೆ ಎಡವಿದರೂ ಅದು ಕಲ್ಲಾಗಿಯೇ ಇತ್ತು. ಹಾದುಹೋಗುವುದಕ್ಕೂ ಸುಳಿಯುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತಿಳಿದಿಲ್ಲ.

ಆದರೆ ಇವರೆಲ್ಲರಿಗಿಂತ ನನಗೆ ದೊಡ್ಡವರಾಗಿ ಕಾಣುವುದು ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ, ನಾವೆಲ್ಲ ಬುರ್ರಕಥಾ ಈರಮ್ಮ ಎಂದು ಕರೆದವರು. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದವರು. ಸಮುದಾಯದ ಹೆಸರಿನಲ್ಲೇ ಜಂಗಮ ಇದೆ. ಮನೆಮಾತು ತೆಲುಗು, ಊರಿಗೆ ಹಾಡಿ ಉಣಿಸಿದ್ದು ಕನ್ನಡ. ಅಕ್ಷರ ಕಲಿಯಲಿಲ್ಲ. ಕೈಯಲ್ಲಿ ಡಿಕ್ಕಿ ಎಂಬ ವಾದ್ಯ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆದು, ರಾತ್ರಿಯಿಡೀ ಕಥೆ ಹಾಡಿದರು. ಕುಮಾರರಾಮನಂಥ ಈ ನೆಲದ ವೀರರ ಕಥೆಗಳು ಅವರ ನೆನಪಿನಲ್ಲಿ ಸಾವಿರಾರು ಸಾಲುಗಳಾಗಿ ಇದ್ದವು. ಹಂಪಿ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಒಂದು ಕಾವ್ಯ ಹೀಗೆ ಬದುಕಿರಬೇಕಾದರೆ ಕಲಿತ ತಲೆ ಸಾಕಾಗುವುದಿಲ್ಲ, ನಡೆಯುವ ಕಾಲು ಬೇಕು, ಕಾಯುವ ಊರು ಬೇಕು. ಕಥೆ ಹೇಳುವವರು ಯಾವಾಗ ಸುಳಿಯುತ್ತಾರೋ ಎಂದು ಕಾದ ಊರುಗಳು ಇದ್ದವು. ಕವಡೆ ಎತ್ತಿನ ಮೇಲೆ ಕುಳಿತು ಬಂದು ಮನೆತನದ ಏಳೆಂಟು ತಲೆಮಾರಿನ ಹೆಸರು ಹೇಳುವ ಹೆಳವರಿಗೂ ಹಾಗೆಯೇ ಕಾಯುತ್ತಿದ್ದರು. ಧಾನ್ಯ, ಬಟ್ಟೆ, ಕೆಲವೊಮ್ಮೆ ಕರು ಕೊಟ್ಟು ಕಳಿಸುತ್ತಿದ್ದರು.

ಹಾಗಾದರೆ ಕಾಯ್ದ ಊರು ಅನುಮಾನಿಸುವ ಊರು ಆದದ್ದು ಯಾವಾಗ? ಪದದ ಅರ್ಥ ಕೆಡಲು ಒಂದೇ ಕಾರಣ ಇರುವುದಿಲ್ಲ. ಆದರೆ ಒಂದು ಕಾನೂನನ್ನು ಇಲ್ಲಿ ಹೇಳಲೇಬೇಕು. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. 1911ರ ಕಾಯ್ದೆ ಅದನ್ನು ಮದರಾಸು ಪ್ರಾಂತಕ್ಕೂ ಹಬ್ಬಿಸಿತು; ಬಳ್ಳಾರಿ ಆಗ ಆ ಪ್ರಾಂತದಲ್ಲಿತ್ತು. ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ಕೊರವ, ಕೊರಚ ಜನರ ವ್ಯಾಪಾರವನ್ನು ರೈಲು ಮೊದಲೇ ಕಸಿದಿತ್ತು. ಈಗ ಕಾನೂನು ಅವರ ನಡಿಗೆಯನ್ನೇ ಅಪರಾಧದ ಗುರುತು ಎಂದಿತು. ಠಾಣೆಗೆ ಹಾಜರಿ ಹಾಕಬೇಕು, ಊರು ಬಿಟ್ಟರೆ ತಿಳಿಸಬೇಕು. ಸ್ವತಂತ್ರ ಭಾರತ 1952ರಲ್ಲಿ ಈ ಕಾಯ್ದೆಯನ್ನು ದೇಶದಾದ್ಯಂತ ರದ್ದು ಮಾಡಿತು. ಕಾಯ್ದೆ ಹೋಯಿತು, ಕಣ್ಣು ಹಾಗೇ ಉಳಿಯಿತು. ‘ಅನುಮಾನಾಸ್ಪದವಾಗಿ ಸುಳಿದಾಡುತ್ತಿದ್ದ’ ಎಂಬ ವರದಿಯ ವಾಕ್ಯವನ್ನು ಓದಿದಾಗಲೆಲ್ಲ ಆ ಕಣ್ಣು ನನಗೆ ನೆನಪಾಗುತ್ತದೆ. ಶರಣರು ಜಂಗಮಕ್ಕೆ ಕೊಟ್ಟ ಕ್ರಿಯಾಪದವನ್ನು ನಾವು ಆರೋಪಿಗೆ ಕೊಟ್ಟಿದ್ದೇವೆ. ಇದು ನ್ಯಾಯವಲ್ಲ. ಪದಕ್ಕೂ ನ್ಯಾಯವಲ್ಲ, ಜನಕ್ಕೂ ನ್ಯಾಯವಲ್ಲ.

ಇವತ್ತಿಗೂ ನಮ್ಮ ಕೇರಿಗಳಲ್ಲಿ ಸುಳಿಯುವವರು ಇದ್ದಾರೆ, ನಾವು ಆ ಹೆಸರಿನಿಂದ ಗುರುತಿಸುವುದಿಲ್ಲ ಅಷ್ಟೆ. ಆಶಾ ಕಾರ್ಯಕರ್ತೆಯರನ್ನು ನೋಡಿ. 2005ರಲ್ಲಿ ಆರಂಭವಾದ ಯೋಜನೆ, ಸುಮಾರು ಸಾವಿರ ಜನರಿಗೆ ಒಬ್ಬರು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಕೂಸಿಗೆ ಎರಡನೇ ಸುತ್ತಿನ ಲಸಿಕೆ ಆಗಿಲ್ಲ, ಯಾವ ಅಜ್ಜ ಕ್ಷಯದ ಮಾತ್ರೆ ನಡುವೆ ಬಿಟ್ಟಿದ್ದಾನೆ ಎಂಬುದು ಅವರಿಗೆ ಮೊದಲು ಗೊತ್ತು, ಆಸ್ಪತ್ರೆಗೆ ಆಮೇಲೆ. ದಿನಾ ಅದೇ ಓಣಿಯಲ್ಲಿ ಓಡಾಡಿದ್ದರಿಂದ ಬಂದ ತಿಳಿವಳಿಕೆ ಅದು. ಮೊಬೈಲಿನಲ್ಲಿ ತುಂಬುವ ಕಾಲಂಗಳಿಂದ ಬಂದದ್ದಲ್ಲ. ಕಾಲಂ ತುಂಬುವುದು ನಡೆದಾದ ಮೇಲೆ. ಅವರ ನಡಿಗೆಗೆ ತಕ್ಕ ಗೌರವಧನಕ್ಕಾಗಿ ಅವರು ಬೀದಿಗಿಳಿಯಬೇಕಾದದ್ದು ನಮಗೆ ನಾಚಿಕೆಯ ಸಂಗತಿ.

ಭಾಷೆಯ ಕೆಲಸ ಮಾಡುವ ನಮ್ಮಂಥವರು ಅವರಿಂದ ಕಲಿಯುವುದಿದೆ. ಈಚೆಗೆ ಪದಸಂಗ್ರಹವೆಂದರೆ ಕೂತಲ್ಲೇ ಹುಡುಕುವುದು ಎಂದಾಗಿದೆ. ಹಳೆಯ ಪುಸ್ತಕಗಳು ಅಂತರ್ಜಾಲದಲ್ಲಿ ಸಿಗುವುದು ದೊಡ್ಡ ಉಪಕಾರ, ನಾನೂ ನಿತ್ಯ ಬಳಸುತ್ತೇನೆ. ಆದರೆ ಎತ್ತಿನ ಸುಳಿಯ ಹೆಸರುಗಳು, ತುಂಗಭದ್ರೆಯ ಅಂಬಿಗರು ನೀರಿಗೆ ಇಟ್ಟ ಹೆಸರುಗಳು, ಹಗರಿ ಹೊಳೆಯ ಉಸುಕಿನಲ್ಲಿ ವರತಿ ತೋಡುವವರ ಮಾತುಗಳು ಅಲ್ಲಿಲ್ಲ. ಬಳ್ಳಾರಿ ಸೀಮೆಯ ಕನ್ನಡ ತೆಲುಗು ಕೂಡಿದ ಆಡುನುಡಿಯ ಬಹುಪಾಲು ಇನ್ನೂ ಬಾಯಲ್ಲೇ ಇದೆ, ಅದೂ ವಯಸ್ಸಾದವರ ಬಾಯಲ್ಲಿ.

ಆದ್ದರಿಂದ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಕಾಲೇಜುಗಳ ಕನ್ನಡ ಅಧ್ಯಾಪಕರಲ್ಲಿ ನನ್ನದೊಂದು ಬೇಡಿಕೆ. ಬರುವ ಹಿಂಗಾರಿನ ಹೊತ್ತಿಗೆ ನಿಮ್ಮ ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳಿಸಿ. ಹೊಸ ಊರು ಬೇಡ, ತಮ್ಮ ಊರೇ ಸಾಕು. ಹೊಳೆದಂಡೆ, ದನದ ಕೊಟ್ಟಿಗೆ, ಜೋಳದ ಹೊಲಗಳಲ್ಲಿ ವಾರಕ್ಕೊಮ್ಮೆ ಸುಳಿದು ಬರಲಿ. ಕೇಳಿದ ಪದವನ್ನು ಅದು ಬಂದ ವಾಕ್ಯದ ಸಮೇತ, ಹೇಳಿದವರ ಉಚ್ಚಾರ ಇದ್ದ ಹಾಗೆಯೇ ಬರೆದುಕೊಳ್ಳಲಿ. ಊರಿನ ಹೆಸರು, ಹೇಳಿದವರ ವಯಸ್ಸು ಮತ್ತು ಕಸುಬು, ತಾರೀಖು ಪಕ್ಕದಲ್ಲಿರಲಿ. ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆಯಲಿ, ತಿದ್ದುವುದು ಬೇಡ. ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಇರಲಿ, ಇನ್ನೊಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗಲಿ. ಮೊದಲ ನಮೂದಾಗಿ ‘ಸುಳಿ’ಯನ್ನೇ ಬರೆಯಿರಿ, ನಿಮ್ಮ ಊರಿನಲ್ಲಿ ಅದಕ್ಕೆ ಎಷ್ಟು ಅರ್ಥ ಇವೆಯೋ ಅಷ್ಟನ್ನೂ.